ದಂಡದ ಡಬ್ಬಿ ಮತ್ತು ಕೆಸುವಿನ ಎಲೆ: ಹವಾಯಿಯಲ್ಲಿ ಎರಡು ಕುಟುಂಬಗಳ ಒಂದು ವಾರ

ನಿಮ್ಮ ಮನೆಯಲ್ಲೂ ಹೀಗೇ ಆಗುತ್ತದೆಯೇ ಹೇಳಿ. ಶನಿವಾರ ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡುತ್ತೀರಿ. ಅಜ್ಜಿ "ಊಟ ಆಯ್ತಾ ಪುಟ್ಟೀ?" ಎಂದು ಕೇಳುತ್ತಾರೆ. ಮಗು "ಹೂಂ" ಎನ್ನುತ್ತದೆ. "ಶಾಲೆ ಹೇಗಿದೆ?" "ಗುಡ್." ಮೂರನೇ ಪ್ರಶ್ನೆ ಬರುವಷ್ಟರಲ್ಲಿ ಫೋನ್ ನಿಮ್ಮ ಕೈಗೆ ಬಂದಿರುತ್ತದೆ, ಮಗು ಸೋಫಾದ ಆ ಕಡೆ ಹೋಗಿರುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ಅಂಥದ್ದೇ ಒಂದು ಕಾಲ್ ಮುಗಿದ ಮೇಲೆ ನಾನು ಮಗಳಿಗೆ "ಅಜ್ಜಿ ಹತ್ರ ಇನ್ನೂ ಸ್ವಲ್ಪ ಮಾತಾಡಬಹುದಿತ್ತಲ್ಲ ಮಗಾ" ಎಂದೆ. ಅವಳಿಗೆ ಒಂಬತ್ತು ವರ್ಷ. "ಬಟ್ ಅಮ್ಮಾ, ಇಟ್ಸ್ ಯುವರ್ ಲ್ಯಾಂಗ್ವೇಜ್" ಎಂದಳು. ಕೋಪದಿಂದ ಹೇಳಿದ್ದಲ್ಲ. ಅದು ನಿನ್ನ ಚಪ್ಪಲಿ, ಇದು ನನ್ನದು ಎನ್ನುವಷ್ಟು ಸಹಜವಾಗಿ ಹೇಳಿದಳು. ಕೋಪ ಮಾಡಿಕೊಂಡು ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಅದಾದ ಎರಡು ವಾರಕ್ಕೆ ನಮ್ಮ ಹವಾಯಿ ಟ್ರಿಪ್ ಇತ್ತು. ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಗೆಳತಿ ಈಗ ಸಿಯಾಟಲ್‌ನಲ್ಲಿದ್ದಾಳೆ, ನಾವು ಕ್ಯಾಲಿಫೋರ್ನಿಯಾದಲ್ಲಿ. ಅವಳು ಮೈಸೂರಿನವಳು, ನಾನು ತೀರ್ಥಹಳ್ಳಿ ಕಡೆಯವಳು. ಅವಳಿಗೆ ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಗಂಡುಮಕ್ಕಳು, ನನಗೆ ಮಗಳು ಮತ್ತು ಆರು ವರ್ಷದ ಮಗ. ಒಟ್ಟು ಎಂಟು ಜನ, ಒಂದು ಬಾಡಿಗೆ ವ್ಯಾನು, ಏಳು ದಿನ. ಹೋಗಿದ್ದು ಬಿಗ್ ಐಲ್ಯಾಂಡ್ ಎಂದು ಎಲ್ಲರೂ ಕರೆಯುವ ಹವಾಯಿ ದ್ವೀಪಕ್ಕೆ. ಹವಾಯಿಯ ಬೇರೆಲ್ಲ ದ್ವೀಪಗಳನ್ನು ಸೇರಿಸಿದರೂ ಇದೊಂದೇ ದೊಡ್ಡದು. ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ಹೆಚ್ಚು ವಿಸ್ತಾರ ಎಂದುಕೊಳ್ಳಿ.

ಹೊರಡುವ ಮೊದಲೇ ನಾನು ಮತ್ತು ಗೆಳತಿ ಫೋನಿನಲ್ಲಿ ಒಂದು ನಿಯಮ ಮಾಡಿದೆವು. ವ್ಯಾನಿನೊಳಗೆ ಕನ್ನಡ ಮಾತ್ರ. ಯಾರು ಇಂಗ್ಲಿಷ್ ವಾಕ್ಯ ಹೇಳಿದರೂ ಒಂದು ಕ್ವಾರ್ಟರ್ ದಂಡ. ಉಪ್ಪಿನಕಾಯಿ ಡಬ್ಬಿಯೊಂದನ್ನು ತೊಳೆದು ಒಣಗಿಸಿ ಸೂಟ್‌ಕೇಸಿಗೆ ಹಾಕಿದೆ. ನಾಲ್ಕು ಮಕ್ಕಳೂ ಒಟ್ಟಿಗೆ ಇರುತ್ತಾರೆ, ಆಟದ ಹಾಗೆ ಕಲಿತುಬಿಡುತ್ತಾರೆ ಎಂಬುದು ನಮ್ಮ ಲೆಕ್ಕಾಚಾರ.

ಎರಡು ಮೌನಗಳ ನಡುವೆ

ಕೋನಾ ವಿಮಾನ ನಿಲ್ದಾಣಕ್ಕೆ ಇಳಿಯುವಾಗ ಕಿಟಕಿಯಿಂದ ನೋಡಿದರೆ ಸುತ್ತಲೂ ಕಪ್ಪು. ಆ ನಿಲ್ದಾಣವನ್ನು 1801ರಲ್ಲಿ ಹರಿದ ಲಾವಾದ ಮೇಲೆಯೇ ಕಟ್ಟಿದ್ದಾರೆ. ಇಳಿದರೆ ಗೋಡೆಗಳಿಲ್ಲದ ತೆರೆದ ನಿಲ್ದಾಣ, ಬಿಸಿ ಗಾಳಿ, ದೇವಕಣಗಿಲೆ ಹೂವು. ಮೊದಲ ಎರಡು ದಿನ ಅದೇ ಕಡೆ ಉಳಿದೆವು. ಹಾಪುನಾ ಬೀಚಿನ ಬಿಳಿ ಮರಳಿನಲ್ಲಿ ಮಕ್ಕಳು ದಿನವಿಡೀ ಬಿದ್ದಿದ್ದರು. ನೀರಿನಲ್ಲಿ ದಂಡ ಇಲ್ಲವಲ್ಲ, ನಾಲ್ವರೂ ಇಂಗ್ಲಿಷಿನಲ್ಲಿ ಕೂಗಾಡಿಕೊಂಡು ಖುಷಿಯಾಗಿದ್ದರು.

ಮೂರನೇ ದಿನ ದ್ವೀಪದ ಆ ಬದಿಯ ಹಿಲೋಗೆ ಹೊರಟೆವು. ಸ್ಯಾಡಲ್ ರೋಡ್ ಎಂಬ ರಸ್ತೆ ಎರಡು ದೊಡ್ಡ ಪರ್ವತಗಳ ನಡುವೆ ಏರಿ ಇಳಿಯುತ್ತದೆ. ಎಡಕ್ಕೆ ಮೌನ ಕೆಯ, 4,207 ಮೀಟರ್. ಬಲಕ್ಕೆ ಮೌನ ಲೋವ, 4,169 ಮೀಟರ್. ಹವಾಯಿಯನ್ ಭಾಷೆಯಲ್ಲಿ ಮೌನ ಎಂದರೆ ಬೆಟ್ಟ, ಕೆಯ ಎಂದರೆ ಬಿಳಿ, ಲೋವ ಎಂದರೆ ಉದ್ದ. ಚಳಿಗಾಲದಲ್ಲಿ ಮೌನ ಕೆಯದ ತುದಿಗೆ ಹಿಮ ಬೀಳುತ್ತದೆ. ಬೆಳಿಗ್ಗೆ ಸಮುದ್ರದಲ್ಲಿ ಈಜಿದ ಮಕ್ಕಳು ಮಧ್ಯಾಹ್ನ ಹಿಮ ನೋಡುವ ಜಾಗ ಇನ್ನೆಷ್ಟಿವೆ? ಹೇಳಲು ಮಾತು ಬೇಕಾದಷ್ಟಿತ್ತು.

ಆದರೆ ಹಿಂದಿನ ಸೀಟಿನಲ್ಲಿ ಯಾರೂ ಮಾತಾಡಲಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಮೂರು ಸಲ ದಂಡ ಬಿತ್ತು, ಆಮೇಲೆ ನಾಲ್ವರೂ ಬಾಯಿ ಮುಚ್ಚಿದರು. ದೊಡ್ಡ ಹುಡುಗ ಕಿಟಕಿಗೆ ತಲೆ ಆನಿಸಿದ. ನನ್ನ ಮಗ ಏನೋ ಹೇಳಲು ಬಾಯಿ ತೆರೆದು, ಡಬ್ಬಿ ನೋಡಿ, ಮತ್ತೆ ಮುಚ್ಚಿದ. "ಎರಡು ಮೌನದ ನಡುವೆ ಇನ್ನೂ ನಾಲ್ಕು ಮೌನ ಕೂತಿವೆ ಕಣ್ರೀ" ಎಂದು ಗೆಳತಿಯ ಗಂಡ ನಕ್ಕರು. ನಾವೂ ನಕ್ಕೆವು, ಆದರೆ ಯಾರಿಗೂ ಪೂರ್ತಿ ನಗು ಬರಲಿಲ್ಲ. ಹಿಲೋ ತಲುಪಿ ಎಣಿಸಿದರೆ ಡಬ್ಬಿಯಲ್ಲಿದ್ದದ್ದು ಎರಡೂವರೆ ಡಾಲರ್. ಅದರಲ್ಲಿ ಹೆಚ್ಚಿನ ಪಾಲು ದೊಡ್ಡವರಾದ ನಮ್ಮದೇ!

ಹಿಲೋ ಸಂತೆ

ಕೋನಾ ಕಡೆ ಬಿಸಿಲು, ಹಿಲೋ ಕಡೆ ಮಳೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಳಿದ ತಕ್ಷಣ ನನಗೆ ಮಲೆನಾಡಿನ ವಾಸನೆ ಬಂತು. ಹಸಿ ಮಣ್ಣು, ಪಾಚಿ ಹಿಡಿದ ಗೋಡೆ, ಬಾಳೆ, ದಾಸವಾಳ. ಊರೊಳಗೇ ಒಂದು ಜಲಪಾತವಿದೆ. ಇಂಗ್ಲಿಷಿನಲ್ಲಿ ರೇನ್‌ಬೋ ಫಾಲ್ಸ್, ಅಲ್ಲಿಯ ಭಾಷೆಯಲ್ಲಿ ವಾಯ್ ಆನುವೆನುವೆ, ಅಂದರೆ ಕಾಮನಬಿಲ್ಲಿನ ನೀರು. ಬಿಸಿಲಿರುವ ಬೆಳಿಗ್ಗೆ ಹೋದರೆ ಹೆಸರು ಯಾಕೆ ಬಂತು ಎಂದು ಮಕ್ಕಳಿಗೆ ತಾನೇ ತಿಳಿಯುತ್ತದೆ.

ಬುಧವಾರ ಮತ್ತು ಶನಿವಾರ ಹಿಲೋ ಪೇಟೆಯಲ್ಲಿ ದೊಡ್ಡ ರೈತರ ಸಂತೆ ಸೇರುತ್ತದೆ. ನೀವು ಹೋದರೆ ಆ ದಿನಗಳನ್ನು ತಪ್ಪಿಸಬೇಡಿ. ಪಪ್ಪಾಯಿ, ಪುಟ್ಟ ಬಾಳೆಹಣ್ಣು, ಹಸಿ ಅರಿಸಿನದ ಕೊಂಬು, ಆಂಥೂರಿಯಂ ಹೂವು. ಒಂದು ಮೇಜಿನ ಮೇಲೆ ನಮ್ಮ ಕರಾವಳಿಯ ಜೀಗುಜ್ಜೆ! ಅಲ್ಲಿ ಅದಕ್ಕೆ ಉಲು ಎನ್ನುತ್ತಾರೆ. ಅದರ ಪಕ್ಕದಲ್ಲಿ ಕೆಸುವಿನ ಗಡ್ಡೆ, ಅಗಲವಾದ ಕೆಸುವಿನ ಎಲೆಯ ಕಟ್ಟು. ನಾನು "ಅಯ್ಯೋ, ಕೆಸುವಿನ ಸೊಪ್ಪು!" ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ನನ್ನ ಮಗಳು ನಾಚಿಕೊಂಡು ಎರಡು ಹೆಜ್ಜೆ ದೂರ ನಿಂತಳು.

ಮಾರುತ್ತಿದ್ದವರು ವಯಸ್ಸಾದ ಹೆಂಗಸು. ಜೊತೆಗೆ ಮಗಳ ವಯಸ್ಸಿನದೇ ಒಬ್ಬ ಮೊಮ್ಮಗಳು, ಎಲೆ ಕಟ್ಟಿಗೆ ದಾರ ಸುತ್ತುತ್ತಿದ್ದಳು. ಅವರಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷ್ ಅಲ್ಲ. ನನ್ನ ಮಗಳು ಹತ್ತಿರ ಬಂದು ಕೇಳಿಯೇಬಿಟ್ಟಳು, ಇದು ಯಾವ ಭಾಷೆ ಎಂದು. ಹವಾಯಿಯನ್ ಎಂದಳು ಆ ಹುಡುಗಿ. ಶಾಲೆಯಲ್ಲೂ ಅದೇ, ಗಣಿತವೂ ಅದರಲ್ಲೇ. ಎಣಿಸಿ ತೋರಿಸಿದಳು: ಎಕಾಹಿ, ಎಲುವ, ಎಕೊಲು, ಎಹಾ, ಎಲಿಮ. ಈಗ ನಿನ್ನದು ಹೇಳು ಎಂದಳು.

ನನ್ನ ಮಗಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಒಂದು, ಎರಡು, ಮೂರು ಎಂದು ಹತ್ತರವರೆಗೆ ಹೇಳಿದಳು. ಏಳು ವರ್ಷದ ಹುಡುಗ ಮಧ್ಯೆ ಸೇರಿಕೊಂಡು ಹನ್ನೊಂದು, ಹನ್ನೆರಡು ಎಂದ. ಹುಡುಗಿ ಕೇಳಿಸಿಕೊಂಡು "ಯುವರ್ ಲ್ಯಾಂಗ್ವೇಜ್ ಸೌಂಡ್ಸ್ ಲೈಕ್ ಅವರ್ಸ್" ಎಂದಳು.

ಗಮನಿಸಿದಿರಾ? ಎರಡು ವಾರದ ಹಿಂದೆ ಮಗಳು ನನಗೆ ಹೇಳಿದ ಅದೇ ಮಾತು, ಯುವರ್ ಲ್ಯಾಂಗ್ವೇಜ್. ಈಗ ಅದನ್ನು ಬೇರೊಂದು ಮಗು ಅವಳಿಗೆ ಹೇಳಿತು. ಅವಳು ಅಲ್ಲ ಎನ್ನಲಿಲ್ಲ.

ಆ ಹುಡುಗಿ ಹೇಳಿದ್ದರಲ್ಲಿ ಸತ್ಯವೂ ಇದೆ. ಹವಾಯಿಯನ್‌ನಲ್ಲಿ ಪ್ರತಿಯೊಂದು ಅಕ್ಷರಗುಚ್ಛವೂ ಸ್ವರದಲ್ಲೇ ಮುಗಿಯುತ್ತದೆ. ನಾವು ಬುಕ್ಕು, ಸ್ಕೂಲು, ಬಸ್ಸು ಎನ್ನುವುದಿಲ್ಲವೇ? ಅವರೂ ಬುಕ್ ಅನ್ನು ಪುಕೆ ಮಾಡಿದ್ದಾರೆ, ಸ್ಕೂಲ್ ಅನ್ನು ಕುಲ ಮಾಡಿದ್ದಾರೆ. ವ್ಯಾನಿನಲ್ಲಿ ಇದನ್ನು ಹೇಳಿದ್ದೇ ತಡ, ಮಕ್ಕಳು ಕಂಡಕಂಡದ್ದಕ್ಕೆಲ್ಲ ಬಾಲ ಅಂಟಿಸತೊಡಗಿದರು. ಬೀಚು, ಟ್ರಕ್ಕು, ಟರ್ಟಲ್ಲು, ವಾಲ್ಕೇನೋವು! ಇದಕ್ಕೆ ದಂಡ ಹಾಕಬೇಕೋ ಬೇಡವೋ ನಮಗೂ ಗೊತ್ತಾಗಲಿಲ್ಲ.

50ಕ್ಕೂ ಕಡಿಮೆ ಮಕ್ಕಳು

ಮಧ್ಯಾಹ್ನ ಇಮಿಲೋವ ಖಗೋಳ ಕೇಂದ್ರಕ್ಕೆ ಹೋದೆವು. ಟೈಟಾನಿಯಂ ಹೊದಿಸಿದ ಮೂರು ಶಂಕುಗಳ ಕಟ್ಟಡ, ಮೂರು ಜ್ವಾಲಾಮುಖಿಗಳ ನೆನಪಿಗೆ ಕಟ್ಟಿದ್ದು. ನಕ್ಷತ್ರ, ಕಡಲ ಪ್ರಯಾಣ, ದೂರದರ್ಶಕಗಳ ಕಥೆ ಎಲ್ಲವನ್ನೂ ಅಲ್ಲಿ ಹವಾಯಿಯನ್ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದಿದ್ದಾರೆ. ನಮ್ಮ ಸೌರವ್ಯೂಹದ ಆಚೆಯಿಂದ ಬಂದು 2017ರಲ್ಲಿ ಪತ್ತೆಯಾದ ಮೊದಲ ಆಕಾಶಕಾಯಕ್ಕೆ ಔಮುವಮುವ ಎಂಬ ಹವಾಯಿಯನ್ ಹೆಸರಿದೆ. 2019ರಲ್ಲಿ ಜಗತ್ತು ಮೊದಲ ಸಲ ಚಿತ್ರದಲ್ಲಿ ನೋಡಿದ ಕಪ್ಪುರಂಧ್ರಕ್ಕೆ ಪೋವೆಹಿ ಎಂಬ ಹೆಸರು ಕೊಟ್ಟವರು ಹಿಲೋದ ಪ್ರಾಧ್ಯಾಪಕ ಲ್ಯಾರಿ ಕಿಮುರ. ಹನ್ನೊಂದು ವರ್ಷದವನಿಗೆ ಇದು ತುಂಬಾ ಹಿಡಿಸಿತು. "ಹಾಗಾದರೆ ಕನ್ನಡದಲ್ಲೂ ಇಡಬಹುದಾ?" ಎಂದು ಕೇಳಿದ. ಯಾಕಿಡಬಾರದು!

ಇದೇ ಭಾಷೆ ಕೆಲವೇ ದಶಕಗಳ ಹಿಂದೆ ಎಲ್ಲಿಗೆ ಬಂದಿತ್ತು ಗೊತ್ತೇ? ಹತ್ತೊಂಬತ್ತನೇ ಶತಮಾನದಲ್ಲಿ ಹವಾಯಿಗೆ ಸ್ವಂತ ರಾಜರಿದ್ದರು, ಹವಾಯಿಯನ್ ಶಾಲೆಗಳಿದ್ದವು, ಪತ್ರಿಕೆಗಳಿದ್ದವು. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮ ಎಂಬ ಕಾನೂನು ಬಂತು. ಶಾಲೆಯಲ್ಲಿ ಹವಾಯಿಯನ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳೊಂದಿಗೆ ಇಂಗ್ಲಿಷನ್ನೇ ಮಾತಾಡಿದರು, ತಾವು ತಿಂದ ಪೆಟ್ಟು ಅವರಿಗೆ ಬೇಡ ಎಂದು. 1980ರ ದಶಕ ಶುರುವಾಗುವ ಹೊತ್ತಿಗೆ ಹವಾಯಿಯನ್ ಮಾತಾಡಬಲ್ಲ ಮಕ್ಕಳು 50ಕ್ಕೂ ಕಡಿಮೆ ಉಳಿದಿದ್ದರು.

ಆಗ ಕೆಲವು ಶಿಕ್ಷಕರು, ತಂದೆತಾಯಿಗಳು ಸೇರಿ ಪೂನಾನ ಲೆಯೊ ಎಂಬ ಶಿಶುವಿಹಾರಗಳನ್ನು ತೆರೆದರು. ಹೆಸರಿನ ಅರ್ಥ ದನಿಗಳ ಗೂಡು. ಮೊದಲನೆಯದು 1984ರಲ್ಲಿ ಕವಾಯ್ ದ್ವೀಪದಲ್ಲಿ, ಮರುವರ್ಷ ಹಿಲೋದಲ್ಲಿ. ಅಲ್ಲಿ ಮಕ್ಕಳು ಆಡುವುದು, ಉಣ್ಣುವುದು, ಜಗಳವಾಡುವುದು ಎಲ್ಲ ಹವಾಯಿಯನ್‌ನಲ್ಲೇ. ಭಾಷೆ ಬಾರದ ತಂದೆತಾಯಿಗಳೂ ಸಂಜೆ ಬಂದು ಕಲಿಯಬೇಕಿತ್ತು, ಶಾಲೆಯ ಕೆಲಸಕ್ಕೂ ಕೈ ಹಾಕಬೇಕಿತ್ತು. 1986ರಲ್ಲಿ ಹಳೆಯ ಕಾನೂನಿನ ತಡೆ ಹೋಯಿತು, 1987ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಹವಾಯಿಯನ್ ಮಾಧ್ಯಮದ ತರಗತಿಗಳು ಆರಂಭವಾದವು. ಸಂತೆಯ ಹುಡುಗಿ ಗಣಿತ ಕಲಿಯುತ್ತಿರುವುದು ಆ ಗೂಡಿನಿಂದ ಬೆಳೆದ ಮರದಲ್ಲಿ.

ಇದನ್ನೆಲ್ಲ ಮಕ್ಕಳಿಗೆ ಹೇಳುತ್ತಿದ್ದಾಗ ನನ್ನ ಮಗ ಮುಗ್ಧವಾಗಿ ಕೇಳಿದ: "ಪನಿಶ್‌ಮೆಂಟ್ ಅಂದ್ರೆ ನಮ್ಮ ಡಬ್ಬಿ ಥರಾನಾ?"

ನಾನೂ ಗೆಳತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮದು ಆಟದ ದಂಡ, ಕಾಲು ಡಾಲರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು, ನಿಜ. ಆದರೆ ಮಗು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ಒಂದು ಭಾಷೆಯನ್ನು ಮಕ್ಕಳ ಬಾಯಿಂದ ತೆಗೆಯಲು ಬಳಸಿದ ಉಪಾಯವನ್ನೇ ನಾವು ಇನ್ನೊಂದನ್ನು ತುಂಬಿಸಲು ಬಳಸಿದ್ದೆವು. ಫಲವೂ ಅದೇ ಆಗಿತ್ತು, ಮಕ್ಕಳು ಸುಮ್ಮನಾಗಿದ್ದರು. ಅದೇ ಸಂಜೆ ಡಬ್ಬಿಯ ದುಡ್ಡಿಗೆ ಇನ್ನಷ್ಟು ಸೇರಿಸಿ ಎಲ್ಲರಿಗೂ ಶೇವ್ ಐಸ್ ಕೊಡಿಸಿದೆವು. ದಂಡ ರದ್ದು.

ಎಲೆಯ ಬೆನ್ನು

ಮರುದಿನ ಮಳೆ ಬಿಡಲೇ ಇಲ್ಲ. ಸಂತೆಯಿಂದ ತಂದ ಕೆಸುವಿನ ಎಲೆ ಫ್ರಿಜ್ಜಿನಲ್ಲಿತ್ತು. ಪತ್ರೊಡೆ ಮಾಡೋಣ ಎಂದೆ. ಮೈಸೂರಿನ ಗೆಳತಿಗೆ ಪತ್ರೊಡೆ ತಿಂದು ಗೊತ್ತೇ ಹೊರತು ಮಾಡಿ ಗೊತ್ತಿಲ್ಲ. ನಾನೂ ಅಮ್ಮ ಮಾಡುವುದನ್ನು ನೋಡಿದವಳೇ. ಮನೆಯಿಂದ ತಂದ ಅಕ್ಕಿ ನೆನೆಸಿದೆವು, ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ ಹಾಕಿ ಬಾಡಿಗೆ ಮನೆಯ ಬ್ಲೆಂಡರಿನಲ್ಲಿ ರುಬ್ಬಿದೆವು. ಎಲೆಯ ದಪ್ಪ ನಾರನ್ನು ಗೆಳತಿ ತೆಗೆಯುತ್ತಿದ್ದಳು. ಆಗ ಅನುಮಾನ ಬಂತು. ಹಿಟ್ಟು ಎಲೆಯ ಯಾವ ಬದಿಗೆ ಹಚ್ಚಬೇಕು? ಹುಳಿ ಸಾಕಾ?

ಹಿಲೋದಲ್ಲಿ ಸಂಜೆ ನಾಲ್ಕೂವರೆ ಎಂದರೆ ಊರಿನಲ್ಲಿ ಮರುದಿನ ಬೆಳಿಗ್ಗೆ ಎಂಟು. ಅಮ್ಮ ಕಾಫಿ ಮುಗಿಸಿರುವ ಹೊತ್ತು. ನನ್ನ ಎರಡೂ ಕೈ ಹಿಟ್ಟಿನಲ್ಲಿತ್ತು, ಗೆಳತಿಯ ಕೈಯಲ್ಲಿ ಚಾಕು. ಗಂಡಂದಿರು ಇಡ್ಲಿ ಪಾತ್ರೆ ಇಲ್ಲದ ಮನೆಯಲ್ಲಿ ಹಬೆಗೆ ಏನು ಮಾಡುವುದೆಂದು ಪಾಸ್ತಾ ಪಾತ್ರೆಯ ಮೇಲೆ ಜಾಲರಿ ಕೂರಿಸುತ್ತಿದ್ದರು. "ಮಗಾ, ಅಜ್ಜಿಗೆ ಫೋನ್ ಮಾಡಿ ನೀನೇ ಕೇಳು" ಎಂದೆ. ಇದು ಯೋಜನೆಯಲ್ಲ, ಬೇರೆ ದಾರಿಯೇ ಇರಲಿಲ್ಲ.

"ಅಜ್ಜೀ, ಎಲೆ ಯಾವ ಸೈಡ್ ಹಿಟ್ಟು ಹಾಕೋದು?"

"ಬೆನ್ನಿಗೆ ಹಚ್ಚು ಪುಟ್ಟೀ. ಎಲೆ ಬೆನ್ನಿಗೆ."

ಮಗಳು ಗಲಿಬಿಲಿಯಾಗಿ ತನ್ನ ಬೆನ್ನು ಮುಟ್ಟಿಕೊಂಡಳು. ಅಜ್ಜಿ ಅಲ್ಲಿಂದ ಅಂಗೈ ತಿರುಗಿಸಿ ತೋರಿಸಿದರು. ಅರ್ಥವಾದ ಕೂಡಲೇ ಅವಳು ಹುಡುಗರಿಗೆ ಕೂಗಿ ಹೇಳಿದಳು, ಎಲೆಗೂ ಬೆನ್ನು ಇರತ್ತಂತೆ!

"ಹುಳಿ ಸರಿಯಾಗಿ ಹಾಕಕ್ಕೆ ಹೇಳು. ಇಲ್ದಿದ್ರೆ ಗಂಟ್ಲು ತುರಿಸ್ತದೆ."

"ತುರಿಸ್ತದೆ ಅಂದ್ರೆ ಎಂತ ಅಜ್ಜಿ?"

ಅಜ್ಜಿ ಕುತ್ತಿಗೆ ಕೆರೆದುಕೊಂಡು ಕಣ್ಣು ಅರಳಿಸಿ ನಟಿಸಿದರು. ನಾಲ್ಕೂ ಮಕ್ಕಳು ಕುತ್ತಿಗೆ ಕೆರೆದುಕೊಂಡು ಕುಣಿದರು. ಆಮೇಲೆ ಒಬ್ಬರಾದ ಮೇಲೊಬ್ಬರು ಎಲೆ ಹಾಸಿ, ಹಿಟ್ಟು ಹಚ್ಚಿ, ಮೇಲೆ ಇನ್ನೊಂದು ಎಲೆ ಇಟ್ಟು, ಸುತ್ತಿ ಅಜ್ಜಿಗೆ ತೋರಿಸಿದರು. ಅಜ್ಜಿ "ಬಿಗಿ ಸುತ್ತು, ಇನ್ನೂ ಬಿಗಿ" ಎನ್ನುತ್ತಿದ್ದರು. ಗೆಳತಿಯ ಮಕ್ಕಳಿಗೂ ಅವರು ಅಜ್ಜಿಯೇ ಆದರು. ಮಗಳ ವ್ಯಾಕರಣವೆಲ್ಲ ತಪ್ಪು. "ಅಜ್ಜಿ, ನೀನು ಯಾವಾಗ ನಮ್ಮನೆಗೆ ಬರ್ತಾನೆ?" ಎಂದಳು. ತಿದ್ದಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಬರ್ತೀನಿ ಮಗಾ, ನೀನು ಕರೆದ್ಮೇಲೆ ಬರ್ದೇ ಇರ್ತೀನಾ" ಎಂದರು ಅಮ್ಮ.

ಫೋನ್ ಇಟ್ಟಾಗ ನೋಡಿದೆ, ಇಪ್ಪತ್ತೆರಡು ನಿಮಿಷ. ಅದಕ್ಕೆ ಮೊದಲು ಎರಡು ನಿಮಿಷ ದಾಟಿದ್ದೇ ಇಲ್ಲ.

ಬೇಯುವವರೆಗೆ ಮಕ್ಕಳಿಗೆ ಕೆಸುವಿನ ಕಥೆ ಹೇಳಿದೆ. ಹವಾಯಿಯಲ್ಲಿ ಕೆಸುವಿಗೆ ಕಾಲೊ ಎನ್ನುತ್ತಾರೆ. ಅಲ್ಲಿಯ ಪುರಾಣದಲ್ಲಿ, ಹುಟ್ಟುವಾಗಲೇ ತೀರಿಕೊಂಡ ಮಗುವನ್ನು ಹೂಳಿದ ಜಾಗದಲ್ಲಿ ಮೊದಲ ಕೆಸುವಿನ ಗಿಡ ಬೆಳೆಯಿತು. ಆಮೇಲೆ ಹುಟ್ಟಿದ ಮಗುವಿನಿಂದ ಮನುಷ್ಯರು ಬಂದರು. ಹಾಗಾಗಿ ಕೆಸು ಅವರಿಗೆ ಅಣ್ಣ. ತಾಯಿಗಡ್ಡೆಯ ಪಕ್ಕದಲ್ಲಿ ಒಡೆಯುವ ಮರಿಗೆ ಓಹಾ ಎಂದು ಹೆಸರು. ಕುಟುಂಬ ಎಂಬರ್ಥದ ಓಹಾನ ಎಂಬ ಪದ ಅದರಿಂದಲೇ ಬಂದಿದ್ದು ಎನ್ನುತ್ತಾರೆ. ಊರಿನಲ್ಲಿ ಕೆಸು ನೆಟ್ಟವರಿಗೆ ಗೊತ್ತು, ಮರಿಯನ್ನು ಕಿತ್ತು ಬೇರೆಡೆ ನೆಟ್ಟರೂ ಬದುಕುತ್ತದೆ, ಆದರೆ ಕೆಳಗೆ ನೀರಿರಬೇಕು.

ಪತ್ರೊಡೆ ಸ್ವಲ್ಪ ಬಿಚ್ಚಿಕೊಂಡಿತ್ತು. ಗಂಟಲು ತುರಿಸಲಿಲ್ಲ. ಎಂಟೂ ಜನ ತಿಂದೆವು.

ಜ್ವಾಲಾಮುಖಿ, ಆಮೆ, ಕೆಲವು ಎಚ್ಚರಿಕೆಗಳು

ಉಳಿದ ದಿನಗಳಲ್ಲಿ ಹವಾಯಿ ವಾಲ್ಕೇನೋಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಕಿಲವೇಯ ಜ್ವಾಲಾಮುಖಿಯ ಬಾಯಿ, ನೆಲದಿಂದ ಏಳುವ ಬಿಸಿ ಹಬೆ, ಲಾವಾ ಹರಿದು ಹೋಗಿ ಉಳಿದ ನಾಹುಕು ಎಂಬ ಸುರಂಗ. ಮಕ್ಕಳು ನಡೆದು ಹೋಗಬಹುದಾದ ಜಾಗಗಳು. ಜ್ವಾಲಾಮುಖಿಯ ದೇವಿ ಪೆಲೆ. ಅಲ್ಲಿಂದ ಕಲ್ಲು ತರುವಂತಿಲ್ಲ, ಕಾನೂನೂ ಒಪ್ಪುವುದಿಲ್ಲ, ಅಲ್ಲಿಯ ಜನರ ಭಾವನೆಯೂ ಒಪ್ಪುವುದಿಲ್ಲ. ಪುನಲೂಉ ಬೀಚಿನ ಮರಳು ಕಪ್ಪು, ಅದರ ಮೇಲೆ ಹಸಿರು ಕಡಲಾಮೆಗಳು ಬಿಸಿಲು ಕಾಯಿಸುತ್ತವೆ. ಕನಿಷ್ಠ ಮೂರು ಮೀಟರ್ ದೂರ ನಿಲ್ಲಬೇಕೆಂದು ಮಕ್ಕಳಿಗೆ ಮೊದಲೇ ಹೇಳಿರಿ.

ನೀವು ಹೋಗುವುದಾದರೆ ಇನ್ನು ಕೆಲವು ಮಾತು. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಅಲೆ ಹೇಳಿ ಬರುವುದಿಲ್ಲ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟ 2021ರಿಂದ ಹವಾಯಿಯಲ್ಲಿ ನಿಷೇಧ, ಹವಳಕ್ಕೆ ಹಾನಿ ಎಂದು. ಜಿಂಕ್ ಇರುವುದನ್ನು ಒಯ್ಯಿರಿ. ಅಮೆರಿಕದ ಮುಖ್ಯಭೂಮಿಯಿಂದ ಹೋಗುವಾಗ ಹಣ್ಣು, ಗಿಡ, ಬೀಜ ಇದ್ದರೆ ಘೋಷಿಸಬೇಕು, ಹಿಂದಿರುಗುವಾಗಲೂ ಬ್ಯಾಗಿನ ಕೃಷಿ ತಪಾಸಣೆ ಇದೆ. ಅಜ್ಜಿಗೆ ತೋರಿಸಲು ಕೆಸುವಿನ ಎಲೆ ತರುತ್ತೇನೆ ಎಂದುಕೊಳ್ಳಬೇಡಿ. ಮೌನ ಕೆಯದ ಶಿಖರದಲ್ಲಿ ಗಾಳಿ ತೆಳು, ಚಿಕ್ಕ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದೆಂದು ಅಲ್ಲಿಯವರೇ ಹೇಳುತ್ತಾರೆ.

ಮನೆಗೆ ಬಂದ ಮೇಲೆ

ಮಗಳು ಈಗ ಗಿಳಿಯಂತೆ ಕನ್ನಡ ಮಾತಾಡುತ್ತಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಶಾಲೆಯಿಂದ ಬಂದವಳು ಈಗಲೂ ಇಂಗ್ಲಿಷಿನಲ್ಲೇ ಶುರು ಮಾಡುತ್ತಾಳೆ. ಕನ್ನಡ ಹವಾಯಿಯನ್‌ನಂತೆ ಅಳಿವಿನ ಅಂಚಿನಲ್ಲೂ ಇಲ್ಲ. 2011ರ ಜನಗಣತಿಯಲ್ಲಿ 4 ಕೋಟಿಗೂ ಹೆಚ್ಚು ಜನ ಕನ್ನಡ ತಮ್ಮ ಮಾತೃಭಾಷೆ ಎಂದಿದ್ದಾರೆ. ನಾಡಿನಲ್ಲಿ ಅದು ಇರುತ್ತದೆ. ಆದರೆ ನಮ್ಮ ಮನೆಯೊಳಗೆ, ನನ್ನಿಂದ ನನ್ನ ಮಕ್ಕಳಿಗೆ ದಾಟುವ ಆ ಒಂದು ಹೆಜ್ಜೆಯಲ್ಲಿ ಅದು ನಿಂತುಹೋಗಬಹುದು. ಹಿಲೋದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಮಾತಾಡು ಎಂದರೆ ಮಗು ಮಾತಾಡುವುದಿಲ್ಲ. ಕೇಳಿ ತಿಳಿಯಬೇಕಾದ ವಿಷಯ ಇರಬೇಕು, ಅದನ್ನು ಬಲ್ಲವರು ಅಜ್ಜಿಯೊಬ್ಬರೇ ಆಗಿರಬೇಕು, ನಮ್ಮ ಕೈಗೆ ಹಿಟ್ಟು ಅಂಟಿರಬೇಕು.

ಅದಕ್ಕೆ ಈಗ ಶನಿವಾರದ ಕಾಲ್ ನಾವು ಸೋಫಾದಿಂದ ಮಾಡುವುದಿಲ್ಲ. ಅಡುಗೆಮನೆಯಿಂದ ಮಾಡುತ್ತೇವೆ. ಏನಾದರೊಂದು ಅರ್ಧ ಗೊತ್ತಿರುವ ಅಡುಗೆ ಹಿಡಿದು, ಫೋನ್ ಮಕ್ಕಳ ಕೈಗೆ ಕೊಡುತ್ತೇವೆ. ತಪ್ಪು ತಿದ್ದುವುದಿಲ್ಲ, ಅರ್ಥವಾಗದಿದ್ದರೆ ಅಜ್ಜಿಯೇ ನಟಿಸುತ್ತಾರೆ. ಗೆಳತಿಯ ಮಕ್ಕಳೂ ಆಗಾಗ ಸಿಯಾಟಲ್‌ನಿಂದ ಸೇರಿಕೊಳ್ಳುತ್ತಾರೆ. ಊರಿನಲ್ಲಿ ಅಜ್ಜಿ ಇಲ್ಲದವರು ದೊಡ್ಡಮ್ಮನನ್ನು, ಅತ್ತೆಯನ್ನು, ಪಕ್ಕದ ಮನೆಯವರನ್ನು ಕೇಳಬಹುದು.

ಹೋದ ತಿಂಗಳು ಮಗಳ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ತಿಂಡಿಯ ಬಗ್ಗೆ ಬರೆಯಬೇಕಿತ್ತು. ಅವಳು ಪತ್ರೊಡೆ ಬಗ್ಗೆ ಬರೆದಳು. ಮೇಲೆ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಬೇಕು, ಹೇಗೆ ಬರೆಯುವುದು ತೋರಿಸು ಎಂದಳು. ಒತ್ತಕ್ಷರ ಮೂರು ಸಲ ತಪ್ಪಾಯಿತು. ನಾಲ್ಕನೇ ಸಲ ಸರಿಯಾಯಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಅವಳು ಬರೆದದ್ದು, ಇದು ನಮ್ಮ ಭಾಷೆಯಲ್ಲಿ ಬರೆದ ಹೆಸರು ಎಂದು.